ಅರ್ಧ ಬೆರಳಿನ ಸಂದು

ನಮ್ಮ ಪಕ್ಕದ ಗ್ಯಾರೇಜಿನವನಿಗೆ ಬೆರಳಣ್ಣ ಎಂದು ಹೆಸರಿಟ್ಟವನು ನಾನೇ. ಟೈರಿಗೂ ಅದರ ಮೇಲಿನ ತಗಡಿನ ಕಮಾನಿಗೂ ನಡುವೆ ಎಷ್ಟು ಸಂದಿದೆ ಎಂದು ಬೇರೆಯವರು ಟೇಪು ಹಿಡಿದು ಅಳೆಯುತ್ತಾರೆ. ಇವನು ಕುಕ್ಕರಗಾಲಲ್ಲಿ ಕೂತು ಬೆರಳು ತೂರಿಸುತ್ತಾನೆ. ಎರಡು ಬೆರಳು, ಎರಡೂವರೆ, ಮೂರು. ಟೇಪು ಯಾಕೆ ಬೇಡ ಎಂದರೆ, ಟೇಪಿಗೆ ಕಣ್ಣಿಲ್ಲ ಅನ್ನುತ್ತಾನೆ. ಬೆರಳಿಗೆಲ್ಲಿದೆ ಕಣ್ಣು ಎಂದು ಕೇಳಿದರೆ ಮುಖ ತಿರುಗಿಸಿಕೊಂಡು ಕಾರಿನಡಿ ನುಗ್ಗುತ್ತಾನೆ. ಅವನ ಜೊತೆ ವಾದ ಮಾಡಿ ಗೆದ್ದವರಿಲ್ಲ, ಯಾಕೆಂದರೆ ಅವನು ವಾದವನ್ನೇ ಮಾಡುವುದಿಲ್ಲ.

ನಾನು ಕಾರಿನ ಸೀಟಿಗೆ ಕವರು ಹೊಲಿಯುವವನು. ನಮ್ಮಿಬ್ಬರ ಅಂಗಡಿಗಳ ನಡುವೆ ಒಂದೇ ಗೋಡೆ. ಅವನು ಸುತ್ತಿಗೆ ಎತ್ತಿದರೆ ನನ್ನ ದಾರದ ಉಂಡೆಗಳು ಕಪಾಟಿನಿಂದ ಉರುಳುತ್ತವೆ. ಅವನ ಕೆಲಸ ಕಾರಿನ ಕುಲುಕು ತಡೆಯುವ ಸ್ಪ್ರಿಂಗು, ಶಾಕು. ಅದರಲ್ಲೂ ಕಾರು ತಗ್ಗಿಸುವುದರಲ್ಲಿ ಎತ್ತಿದ ಕೈ. ಕೆಲವರಿಗೆ ಕಾರು ಹೊಟ್ಟೆ ನೆಲಕ್ಕೆ ತಾಗಿಸಿಕೊಂಡೇ ಹೋಗಬೇಕು. ರಸ್ತೆಯ ಒಂದೊಂದು ಉಬ್ಬಿಗೂ ಜೀವ ಕೈಯಲ್ಲಿ ಹಿಡಿದುಕೊಂಡು ಹೋಗುವುದರಲ್ಲಿ ಏನು ಸುಖವೋ, ನನ್ನನ್ನು ಕೇಳಬೇಡಿ. ಆದರೆ ಒಂದು ಮಾತು ನಿಜ. ಎತ್ತರದ ಕಾರು ಒಂದು ಕಡೆಗೆ ವಾಲಿದರೆ ಯಾರಿಗೂ ಗೊತ್ತಾಗುವುದಿಲ್ಲ, ತಗ್ಗಿಸಿದ ಕಾರಿನಲ್ಲಿ ಚೂರು ಏರುಪೇರಾದರೂ ಕಣ್ಣಿಗೆ ರಾಚುತ್ತದೆ.

ಬೆರಳಣ್ಣನದು ಅವನದೇ ಒಂದು ಪದ್ಧತಿ. ಕಾರನ್ನು ಖಾಲಿ ನಿಲ್ಲಿಸಿ ಎತ್ತರ ಹೊಂದಿಸುವುದಿಲ್ಲ. ಓಡಿಸುವವನು ಸೀಟಲ್ಲಿ ಕೂತಿರಬೇಕು, ಅವನ ಭಾರ ಸ್ಪ್ರಿಂಗಿನ ಮೇಲೆ ಬಿದ್ದಾಗ ನಾಲ್ಕೂ ಮೂಲೆ ಸಮ ಬರಬೇಕು. ಶಾಕಿನ ಮೈಮೇಲಿನ ತಿರುಪಿನ ಸುತ್ತುಗಳಲ್ಲಿ ಒಂದು ರಿಂಗು ಇರುತ್ತದೆ. ಅದನ್ನು ತಿರುಗಿಸುತ್ತಾ ಹೋದರೆ ಕಾರು ಏರುತ್ತದೆ, ಇಳಿಯುತ್ತದೆ. ಹೀಗೆ ಹೊಂದಿಸಿದ ಕಾರು ಸುಮ್ಮನೆ ನಿಂತಾಗ ಡ್ರೈವರ್ ಕಡೆ ತುಸು ಎದ್ದಿರುತ್ತದೆ. ಒಡೆಯ ಒಳಗೆ ಕೂತ ಕೂಡಲೇ ತಗ್ಗಿ ನೆಟ್ಟಗಾಗುತ್ತದೆ. ಕಾರಿರೋದು ಓಡಿಸೋಕೆ, ನೋಡೋಕಲ್ಲ ಎನ್ನುವುದು ಅವನ ಸಿದ್ಧಾಂತ.

ಬೆರಳಣ್ಣ ಮದುವೆಯಾಗಲಿಲ್ಲ. ಕಾರಿನಡಿ ಮಲಗಿ ಎದ್ದು ಬರುವಷ್ಟರಲ್ಲಿ ವಯಸ್ಸೇ ದಾಟಿಹೋಗಿತ್ತು ಎನ್ನುತ್ತಾನೆ. ಅವನನ್ನು ಸಾಕಿದವಳು ಅಕ್ಕ. ಅವಳಿಗೊಬ್ಬನೇ ಮಗ, ಗುಂಡ. ಹೆಸರಿಗೆ ತಕ್ಕ ಆಳು. ಟೈಲ್ಸ್ ಅಂಗಡಿಯಲ್ಲಿ ಕೆಲಸ, ನಕ್ಕರೆ ಮೈಯೆಲ್ಲ ನಗುತ್ತಿತ್ತು. ನನ್ನದೂ ಅದೇ ಗಾತ್ರ. ನಮ್ಮಿಬ್ಬರನ್ನು ತಕ್ಕಡಿಯ ಎರಡು ಕಡೆ ಕೂರಿಸಿದರೆ ಮುಳ್ಳು ಅಲ್ಲಾಡುವುದಿಲ್ಲ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಗುಂಡನ ಕಾರನ್ನು ತಗ್ಗಿಸುವಾಗ ಅವನು ಅರ್ಧ ದಿನ ಕೂತು, ಅಂಗಡಿಗೆ ಹೊತ್ತಾಯಿತು ಎಂದು ಎದ್ದುಹೋದ. ಉಳಿದರ್ಧ ಅವನ ಬದಲಿಗೆ ನಾನು ಸ್ಟೇರಿಂಗ್ ಮುಂದೆ ಕೂತೆ. ಸಂಜೆ ಗುಂಡ ಬಂದು ಕೂತು ನೋಡಿದ, ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಆಮೇಲೆ ಆ ಕಾರು ಗ್ಯಾರೇಜಿಗೆ ಬಂದಾಗಲೆಲ್ಲ ಬೆರಳಣ್ಣ ಗೋಡೆಗೆ ಕುಟ್ಟುತ್ತಿದ್ದ, ನಾನು ಸೂಜಿ ಬಿಟ್ಟು ಹೋಗಿ ಕೂರುತ್ತಿದ್ದೆ.

ಹೋದ ವರ್ಷ ಗುಂಡನಿಗೆ ಹೊಟ್ಟೆನೋವು ಶುರುವಾಯಿತು. ಇದು ವಾಸಿಯಾಗುವ ರೋಗವಲ್ಲ ಎಂದು ಆಸ್ಪತ್ರೆಯವರು ಅಕ್ಕನನ್ನು ಪಕ್ಕಕ್ಕೆ ಕರೆದು ಹೇಳಿದರು, ಅಕ್ಕ ತಮ್ಮನಿಗೆ ಹೇಳಿದಳು, ತಮ್ಮ ನನಗೆ ಹೇಳಿದ. ಗುಂಡನಿಗೆ ಮಾತ್ರ ಯಾರೂ ಹೇಳಲಿಲ್ಲ. ಅವನಿಗೆ ಗೊತ್ತಾದರೆ ಅಂದೇ ಮಲಗಿಬಿಡುತ್ತಾನೆ, ಬಾಯಿ ಬಿಟ್ಟರೆ ನನ್ನಾಣೆ ಎಂದು ಅಕ್ಕ ತಮ್ಮನ ಕೈ ಹಿಡಿದುಕೊಂಡಿದ್ದಳು. ಅಂದಿನಿಂದ ಬೆರಳಣ್ಣನ ಬಾಯಿಗೆ ಬೀಗ ಬಿತ್ತು. ಗುಂಡನ ಎದುರಿಗೆ ಹೋಗುವುದೆಂದರೆ ಅವನಿಗೆ ಭಯ. ಹೋಗದೇ ಇದ್ದರೆ ಇನ್ನೂ ಭಯ.

ಹೀಗಿರುವಾಗ ಗುಂಡನ ಫೋನು ಬಂತು. ದೊಡ್ಡ ಅಂಗಡಿಯೊಂದರ ಗಾಜಿನ ಗೋಡೆಯಲ್ಲಿ ತನ್ನ ಕಾರಿನ ಪ್ರತಿಬಿಂಬ ಹೋಗುವುದನ್ನು ನೋಡಿದನಂತೆ. ತಾನು ಒಳಗೆ ಕೂತಿದ್ದರೂ ತನ್ನ ಕಡೆ ಎದ್ದೇ ಇದೆ, ಸ್ಪ್ರಿಂಗಿಗೆ ಏನೋ ಆಗಿದೆ ಎಂದ. ಬೆರಳಣ್ಣ ಹೋಗಿ ಕಾರು ತಂದ. ಧೂಳಿಗೆ ಬೇಡ ಎಂದು ಅಕ್ಕ ಮಗನನ್ನು ಕಳಿಸಲಿಲ್ಲ. ಗೋಡೆ ಕುಟ್ಟಿದ ಸದ್ದಾಯಿತು, ನಾನು ಹೋಗಿ ಕೂತೆ. ಬೆರಳು ತೂರಿಸಿ ನೋಡಿದ. ಎಡಕ್ಕೂ ಬಲಕ್ಕೂ ಸಮ. ಟೈರಿನ ಗಾಳಿ ನೋಡಿದ, ಕಾರನ್ನು ಹಿಂದೆ ಮುಂದೆ ತಳ್ಳಿ ಮತ್ತೆ ನೋಡಿದ. ಸಮವೇ. ಏನೂ ಆಗಿಲ್ಲ ಎಂದು ವಾಪಸು ಬಿಟ್ಟು ಬಂದ.

ಮತ್ತೆ ಫೋನು. ಹಾಗೇ ಇದೆ ಮಾಮ.

ಈಗ ಬೆರಳಣ್ಣ ತಲೆ ಕೆಡಿಸಿಕೊಂಡ. ಬಂದು ಹೋಗುವ ರೋಗ ಹಿಡಿಯುವುದು ಕಷ್ಟ. ಎಲ್ಲೋ ಏನೋ ಹಿಡಿದುಕೊಳ್ಳುತ್ತಿರಬೇಕು ಎಂದ. ಎಡದ ಸ್ಪ್ರಿಂಗು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದ. ಎರಡೂ ಚಕ್ರಗಳನ್ನು ಜೋಡಿಸುವ ಅಡ್ಡ ಸರಳನ್ನು ಬಿಚ್ಚಿಟ್ಟು ನೋಡಿದ. ಕೀಲುಗಳಲ್ಲಿ ಕೂರುವ ರಬ್ಬರ್ ಬುಷ್ಷುಗಳ ಮೇಲೆ ಅವನಿಗೆ ಅನುಮಾನ. ಚಕ್ರ ಗಾಳಿಯಲ್ಲಿ ನೇತಾಡುವಾಗ ಬೋಲ್ಟು ಬಿಗಿದುಬಿಟ್ಟರೆ ರಬ್ಬರು ತಿರುಚಿಕೊಂಡು ಕಾರನ್ನು ಕೆಳಗಿಳಿಯಲು ಬಿಡುವುದಿಲ್ಲವಂತೆ. ಎಲ್ಲವನ್ನೂ ಸಡಿಲಿಸಿ, ಕಾರು ತನ್ನ ಕಾಲ ಮೇಲೆ ನಿಂತ ಮೇಲೆ ಬಿಗಿದ. ಪ್ರತಿ ಸಲವೂ ನಾನು ಹೋಗಿ ಕೂತೆ, ಪ್ರತಿ ಸಲವೂ ಸಮ ಬಂತು. ಗುಂಡ ಓಡಿಸಿದರೆ ಮಾತ್ರ ಸೊಟ್ಟ. ತಲೆಬುಡ ತಿಳಿಯದೆ ಬೆರಳಣ್ಣ ಟೈರಿನ ಮೇಲೆ ಕೂತು ಬೀದಿ ನೋಡತೊಡಗಿದ. ಒಬ್ಬ ಗಿರಾಕಿ ಬಂದು ಕರೆದು ಕರೆದು ವಾಪಸು ಹೋದ.

ನೀವು ನಗಬಹುದು. ಕಣ್ಣೆದುರಿಗಿದ್ದದ್ದು ಇವರಿಗೆ ಕಾಣಲಿಲ್ಲವೇ ಎನ್ನಬಹುದು. ಗುಂಡ ಸೊರಗುತ್ತಿರುವುದು ನಮಗೆ ಗೊತ್ತಿತ್ತು, ಕಾರಣವೂ ಗೊತ್ತಿತ್ತು. ಆದರೆ ಮನಸ್ಸಿನಲ್ಲಿ ಗುಂಡ ಎಂದರೆ ಆ ಹಳೆಯ ಗುಂಡನೇ. ಅವನ ಬದಲಿಗೆ ಕೂರುವವನು ನಾನೇ. ಅದು ಬದಲಾಗಿದೆ ಎಂದು ನಮ್ಮಿಬ್ಬರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಹೊಳೆಯುವುದು ಬೇಡವಾಗಿತ್ತೋ ಏನೋ.

ಕೊನೆಗೆ ಒಂದು ಬೆಳಿಗ್ಗೆ ಗುಂಡ ಅಮ್ಮನ ಕಣ್ಣು ತಪ್ಪಿಸಿ ತಾನೇ ಕಾರು ಓಡಿಸಿಕೊಂಡು ಬಂದ. ಇಳಿಯಲಿಲ್ಲ. ತಾನು ಕೂತಿರುವಾಗಲೇ ನೋಡು ಎಂದು ಮಾಮನಿಗೆ ಹೇಳಿದ. ಬೆರಳಣ್ಣ ಎಡಗಡೆ ಬೆರಳಿಟ್ಟ, ಬಲಗಡೆ ಇಟ್ಟ. ಬಲಗಡೆ ಅರ್ಧ ಬೆರಳು ಹೆಚ್ಚಿಗೆ ಹೋಯಿತು. ಅವನ ಮುಖದಲ್ಲಿ ಕಳೆ ಬಂತು, ರೋಗ ಸಿಕ್ಕಿತಲ್ಲ ಎಂದು. ಗುಂಡನನ್ನು ಇಳಿಸಿ ನನ್ನನ್ನು ಕೂರಿಸಿದ. ಸಂದು ಮುಚ್ಚಿತು, ಸಮ ಬಂತು. ನನ್ನನ್ನು ಇಳಿಸಿ ಮತ್ತೆ ಗುಂಡನನ್ನು ಕೂರಿಸಿದ. ಅರ್ಧ ಬೆರಳು.

ಆಗ ಗೊತ್ತಾಯಿತು. ಬೆರಳಣ್ಣ ಕೈ ಹಿಂದಕ್ಕೆ ತೆಗೆಯಲಿಲ್ಲ, ಆ ಸಂದಿನಲ್ಲೇ ಬಿಟ್ಟುಕೊಂಡು ಕೂತ. ನನಗೆ ನನ್ನ ಹೊಟ್ಟೆಯನ್ನು ಎಲ್ಲಿ ಬಚ್ಚಿಡಬೇಕೋ ತಿಳಿಯಲಿಲ್ಲ. ಇಷ್ಟು ವರ್ಷ ಈ ಮೈಯನ್ನು ಎಷ್ಟು ಜನ ಆಡಿಕೊಂಡರೂ ನಾಚಿದವನಲ್ಲ ನಾನು. ಅವತ್ತು ನಾಚಿಕೆಯಾಯಿತು.

ಬೆರಳಣ್ಣ ಏನೇನೋ ಬಡಬಡಿಸಿದ. ರಿಂಗು ಜಾರಿರಬೇಕು, ಶಾಕಿನ ತಲೆಯ ಬೇರಿಂಗು ಹಿಡಿಯುತ್ತಿರಬೇಕು, ನಾಳೆ ಬಿಚ್ಚಿ ನೋಡೋಣ ಎಂದ. ಗುಂಡ ಸ್ಟೇರಿಂಗ್ ಮೇಲೆ ಕೈಯಿಟ್ಟುಕೊಂಡು ಎಲ್ಲವನ್ನೂ ಕೇಳಿಸಿಕೊಂಡ.

"ಕಾರಿಗೇನೂ ಆಗಿಲ್ಲ ಅಲ್ವಾ ಮಾಮ?"

ಬೆರಳಣ್ಣ ಸಂದಿನಿಂದ ಕೈ ತೆಗೆದು ಬಟ್ಟೆಗೆ ಒರೆಸಿಕೊಂಡ.

"ಅಮ್ಮ ನಿಂಗೆ ಹೇಳಿದಾಳೆ ಅಂತ ಗೊತ್ತು. ನಂಗೆ ಗೊತ್ತಾಗಿದೆ ಅಂತ ಅವಳಿಗೆ ಹೇಳ್ಬೇಡ. ಪಾಪ, ಮುಚ್ಚಿಡೋಕೆ ತುಂಬಾ ಒದ್ದಾಡ್ತಿದಾಳೆ."

ಬೆರಳಣ್ಣ ಸ್ಪ್ಯಾನರು ಎತ್ತಿಕೊಂಡ. "ಈಗಿನ ಮೈಗೆ ಸರಿಯಾಗಿ ಸೆಟ್ ಮಾಡ್ತೀನಿ ಕಣೋ. ಮೈ ಬಂದ್ಮೇಲೆ ಮತ್ತೆ ತಿರುಗಿಸಿದ್ರಾಯ್ತು" ಎಂದ.

"ಬೇಡ ಮಾಮ. ಖಾಲಿ ಸೀಟಿಗೇ ಮಾಡ್ಬಿಡು." ಗುಂಡನ ದನಿ ಎಂದಿನಂತೆಯೇ ಇತ್ತು. "ಇನ್ಮೇಲೆ ಅದು ಮನೆ ಮುಂದೆ ನಿಂತಿರೋದು ತಾನೇ. ಅಮ್ಮ ದಿನಾ ನೋಡ್ತಾಳೆ. ಸೊಟ್ಟ ಕಾಣ್ಬಾರದು."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ಅಂಗಡಿಗೆ ಹೋಗಿ ಕತ್ತರಿ ಹಿಡಿದು ಒಂದು ಒಳ್ಳೆಯ ರೆಕ್ಸಿನ್ ತುಂಡನ್ನು ಹಾಳುಮಾಡಿ ವಾಪಸು ಬಂದೆ. ಬೆರಳಣ್ಣ ಇನ್ನೂ ಅಲ್ಲೇ ಕೂತಿದ್ದ. ಕಾರುಗಳ ವಿಷಯದಲ್ಲಿ ಆಗುವುದಿಲ್ಲ ಎನ್ನುವ ಮಾತು ಅವನ ಬಾಯಲ್ಲಿ ಕೇಳಿದವನಲ್ಲ ನಾನು. ಅವತ್ತು ಸ್ಪ್ಯಾನರು ನನ್ನ ಕಡೆ ಚಾಚಿ, ನನ್ನ ಕೈಲಾಗಲ್ಲ, ನೀನೇ ತಿರುಗಿಸು ಎಂದ. ಹೊಲಿಯುವವನಿಗೆ ರಿಂಗು ತಿರುಗಿಸಲು ಎಲ್ಲಿ ಬರುತ್ತದೆ? ಗುಂಡನೇ ಗದರಿದ, ಹಾಳುಮಾಡಿಸಬೇಡ, ನೀನೇ ಮಾಡು ಮಾಮ ಎಂದು.

ಅವನನ್ನು ಸೀಟಿನಿಂದ ಎಬ್ಬಿಸಲು ನಾನು ಕಂಕುಳಿಗೆ ಕೈ ಕೊಟ್ಟೆ. ತಗ್ಗಿದ ಕಾರು, ಏಳುವುದು ಕಷ್ಟ. ಭಾರವಿರುತ್ತದೆ ಎಂದು ಹಳೇ ಲೆಕ್ಕದಲ್ಲಿ ಎಳೆದುಬಿಟ್ಟೆ, ಅವನು ಒಮ್ಮೆಲೇ ಮೇಲೆ ಬಂದು ನನ್ನೆದೆಗೆ ಬಡಿದ. ಅವನು ಸಾರಿ ಅಣ್ಣ ಎಂದ, ತಪ್ಪು ತನ್ನದೆಂಬಂತೆ.

ಕಾರನ್ನು ಖಾಲಿ ನಿಲ್ಲಿಸಿ ಬೆರಳಣ್ಣ ರಿಂಗು ಇಳಿಸಿದ. ತನ್ನ ಪದ್ಧತಿ ಮುರಿದು ಅವನು ಮಾಡಿದ ಕೆಲಸ ಅದೊಂದೇ. ಬೆವರನ್ನು ತೋಳಿನಿಂದ ಒರೆಸಿಕೊಳ್ಳುವ ನೆಪದಲ್ಲಿ ಆಗಾಗ ಕಣ್ಣು ಒರೆಸಿಕೊಳ್ಳುತ್ತಿದ್ದ, ನಾವಿಬ್ಬರೂ ಬೀದಿ ನೋಡುತ್ತಾ ನಿಂತಿದ್ದೆವು.

ಮನೆಗೆ ನಾನೇ ಓಡಿಸಿದೆ. ಮಾಮ, ಅಳಿಯ ಇಬ್ಬರೂ ಹಿಂದೆ ಕೂತರು. ನನ್ನ ಭಾರಕ್ಕೆ ಕಾರು ಈಗ ಬಲಕ್ಕೆ ವಾಲಿತ್ತು. ಗೇಟಿನ ಮುಂದೆ ನಿಲ್ಲಿಸಿ ಎಲ್ಲರೂ ಇಳಿದ ಮೇಲೆ ಅದು ಮೆಲ್ಲಗೆ ಎದ್ದು ನೆಟ್ಟಗೆ ನಿಂತಿತು.

ಮಗ ಎಲ್ಲಿ ಹೋದನೋ ಎಂದು ಜೀವ ಬಾಯಿಗೆ ಬಂದಿದ್ದ ಅಕ್ಕ ಓಡಿಬಂದಳು. ನಮ್ಮ ಮೂವರನ್ನೂ ಸೇರಿಸಿ ಬೈದಳು. ಬೈದು ಮುಗಿದ ಮೇಲೆ ಕಾರಿನ ಕಡೆ ನೋಡಿದಳು.

"ಸರಿ ಹೋಯ್ತಲ್ಲೋ! ಏನಾಗಿತ್ತು ಅದಕ್ಕೆ?"

ಗುಂಡ ಮಾಮನನ್ನೇ ನೋಡುತ್ತಿದ್ದ. ಬೆರಳಣ್ಣ ಕಾರಿನ ಮೇಲಿನ ಧೂಳು ಒರೆಸುತ್ತಾ ಹೇಳಿದ.

"ಏನಿಲ್ಲಕ್ಕ. ಒಂದು ರಿಂಗು ಸಡಿಲ ಆಗಿತ್ತು, ಅಷ್ಟೇ. ಬಿಗಿ ಮಾಡಿದೆ."

ಅಷ್ಟಕ್ಕೆ ಇಷ್ಟೊಂದು ರಂಪ ಮಾಡಿದೆಯಲ್ಲೋ ಎಂದು ಅಕ್ಕ ಮಗನ ತಲೆಗೊಂದು ಮೊಟಕಿ ನಕ್ಕಳು. ಅವಳು ನಕ್ಕು ಎಷ್ಟು ದಿನವಾಗಿತ್ತೋ. ಗುಂಡನೂ ನಕ್ಕ. ತೋಳು ಹಿಡಿದುಕೊಂಡು ಅವನನ್ನು ಒಳಗೆ ಕರೆದುಕೊಂಡು ಹೋದಳು. ಬೆರಳಣ್ಣ ಕಾರಿನ ಕೀ ಹಿಡಿದುಕೊಂಡು ಗೇಟಿನ ಹೊರಗೇ ನಿಂತಿದ್ದ. ಅದನ್ನು ಯಾರ ಕೈಗೆ ಕೊಡಬೇಕೆಂದು ನನ್ನನ್ನು ಕೇಳಿದ.