ಹೊಗೆಯಣ್ಣನ ಮೂಗು

ಮುರಿದ ಬಂಪರು, ಸೀಳಿದ ಮಡ್‌ಗಾರ್ಡು, ಒಡೆದ ಫೈಬರ್ ಬಾನೆಟ್ಟು, ಯಾವುದೇ ಇರಲಿ, ಹೊಗೆಯಣ್ಣನ ಶೆಡ್ಡಿಗೆ ಬಂದರೆ ಕೂಡಿಕೊಂಡೇ ಹೋಗಬೇಕು. ಪ್ಲಾಸ್ಟಿಕ್ಕಿನಲ್ಲೂ ಜಾತಿಗಳಿವೆ, ಒಂದರ ಕಡ್ಡಿ ಕರಗಿಸಿ ಹಾಕಿದರೆ ಇನ್ನೊಂದಕ್ಕೆ ಬೆಸೆಯುವುದಿಲ್ಲ. ಜಾತಿ ತಿಳಿಯಲು ಬೇರೆಯವರು ಚೂರೊಂದನ್ನು ಬಕೆಟ್ ನೀರಿಗೆ ಹಾಕಿ, ತೇಲಿತೋ ಮುಳುಗಿತೋ ನೋಡುತ್ತಾರೆ. ಹೊಗೆಯಣ್ಣ ಬೆಸುಗೆ ಹಾಕುವ ಕಾದ ಐರನ್ನಿನ ತುದಿ ತಾಗಿಸಿ, ಎದ್ದ ಹೊಗೆಯನ್ನು ಮೂಸುತ್ತಾನೆ. ಮೇಣದ ವಾಸನೆ ಬಂದರೆ ಬಿಳಿ ಕಡ್ಡಿ, ಸುಟ್ಟ ರಬ್ಬರಿನ ವಾಸನೆ ಬಂದರೆ ಕರಿ ಕಡ್ಡಿ. "ಬಕೆಟ್ ಇರೋದು ಸ್ನಾನಕ್ಕೆ ಕಣಯ್ಯಾ," ಎಂದು ಇಪ್ಪತ್ತೆರಡು ವರ್ಷ ಜಂಬ ಕೊಚ್ಚಿಕೊಂಡ ಆಸಾಮಿ.

ಆ ಮೂಗು ಹೋಗಿ ಇಪ್ಪತ್ತು ದಿನವಾಗಿತ್ತು. ಜ್ವರ ಬಿಟ್ಟು ಹೋಗುವಾಗ ಅದನ್ನೂ ಕರೆದುಕೊಂಡು ಹೋಗಿತ್ತು. ಸೋಪು, ಸೀಮೆಎಣ್ಣೆ, ತನ್ನದೇ ಬೆವರಿನ ಅಂಗಿ, ಎಲ್ಲವನ್ನೂ ಕದ್ದು ಕದ್ದು ಮೂಸಿದ್ದೇ ಮೂಸಿದ್ದು. ಊಹೂಂ! ಸುದ್ದಿ ಹಬ್ಬಿದರೆ ಶೆಡ್ಡಿಗೆ ಬೀಗವೇ ಗತಿ ಎಂಬ ದಿಗಿಲಿಗೆ ಹೆಂಡತಿಗೂ ಬಾಯಿ ಬಿಡಲಿಲ್ಲ. ಬಂಪರಿನ ಹಿಂದೆ ಅಚ್ಚೊತ್ತಿದ, ಪ್ಲಾಸ್ಟಿಕ್ಕಿನ ಜಾತಿ ಹೇಳುವ ಅಕ್ಷರ ನೋಡಿಕೊಂಡು ಹೇಗೋ ದಿನ ತಳ್ಳುತ್ತಿದ್ದ.

ಅವತ್ತು ಬೆಳಿಗ್ಗೆ ಬಂದ ಸ್ಕೂಲ್ ವ್ಯಾನಿನ ಬಂಪರಿನಲ್ಲಿ ಅಕ್ಷರ ಸವೆದುಹೋಗಿತ್ತು. ಅದನ್ನು ಓಡಿಸುವ ಡ್ರೈವರಕ್ಕ ತಲೆಯ ಮೇಲೇ ನಿಂತಿದ್ದಳು. "ಬೇಗ ಅಣ್ಣಾ, ಮೂರೂವರೆಗೆ ಮಕ್ಕಳನ್ನ ಹತ್ತಿಸ್ಕೋಬೇಕು."

ಅವಳೆದುರು ಬಕೆಟ್ ಎಳೆಯುವುದೇ? ಸತ್ತರೂ ಇಲ್ಲ! ಹೊಗೆ ಮೂಸಿದಂತೆ ನಟಿಸಿ, ತಲೆಯಾಡಿಸಿ, ಬಿಳಿ ಕಡ್ಡಿ ತೆಗೆದುಕೊಂಡ. ಬೆಸುಗೆ ನೋಡಲು ಚೆನ್ನಾಗಿಯೇ ಕೂತಿತು.

ವ್ಯಾನು ಹೋದ ಮೇಲೆ ಶುರುವಾಯಿತು ನೋಡಿ. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಗುಡಿಸಿದ ನೆಲವನ್ನೇ ಮತ್ತೆ ಗುಡಿಸಿದ. ಊಟದ ಡಬ್ಬಿ ತೆರೆದ, ಮುಚ್ಚಿದ. ಗಡಿಯಾರದಲ್ಲಿ ಮೂರು ಹೊಡೆದಾಗ ತಡೆಯಲಾರದೆ, ಬೆಳಿಗ್ಗೆ ಕೆತ್ತಿದ ಚೂರನ್ನು ಕಸದಿಂದ ಹೆಕ್ಕಿ ಬಕೆಟ್ಟಿಗೆ ಹಾಕಿದ. ಬಿಳಿ ಕಡ್ಡಿಯ ಜಾತಿಯಾದರೆ ತೇಲಬೇಕಿತ್ತು. ಅದು ಸೀದಾ ತಳ ಸೇರಿತು.

ಒಂದು ಹಳ್ಳಕ್ಕೆ ಇಳಿದರೆ ಸಾಕು, ಬಂಪರು ಕಿತ್ತು ಮುಂದಿನ ಚಕ್ರದಡಿ ಸಿಕ್ಕಿಕೊಳ್ಳುತ್ತದೆ, ಒಳಗೆ ಮಕ್ಕಳು. ಸ್ಕೂಟರ್ ಹತ್ತಿದವನು ಸ್ಕೂಲಿನ ಗೇಟಿನ ಮುಂದೆಯೇ ಬ್ರೇಕ್ ಹಾಕಿದ್ದು. ಡ್ರೈವರಕ್ಕ ಆಗಲೇ ಕೊನೆಯ ಮಗುವನ್ನು ಹತ್ತಿಸಿ ಬಾಗಿಲು ಎಳೆಯುತ್ತಿದ್ದಳು.

"ನಿಲ್ಸಕ್ಕಾ! ನಿಲ್ಸು!"

ಅವಳು ಏನು ಎತ್ತ ಎಂದು ಕೇಳುವಷ್ಟರಲ್ಲಿ ಬೆಸುಗೆಗೆ ಉಗುರು ಹಾಕಿ ಮೀಟಿದ. ಒಣಗಿದ ಹಕ್ಕಳೆಯಂತೆ ಇಡೀ ಪಟ್ಟಿ ಎದ್ದು ಬಂತು.

"ಅಯ್ಯಯ್ಯೋ! ನಿಮ್ಮ ಮೂಗು ನಂಬ್ಕೊಂಡು ಬಂದೆನಲ್ಲ ನಾನು!"

"ಮೂಗು ಹೋಗಿದೆ ಅಕ್ಕಾ. ಗೊತ್ತಿದ್ದೂ ಮಾಡ್ದೆ."

ಅವಳು ಅವನನ್ನೇ ದುರುಗುಟ್ಟಿ ನೋಡಿದಳು. ಆಮೇಲೆ ಸ್ಪ್ಯಾನರ್ ತಂದು ಅವನ ಕೈಗೆ ತುರುಕಿದಳು. "ಬಿಚ್ಚಿ. ಬಂಪರ್ ಇಲ್ದೇ ಓಡಿಸ್ತೀನಿ. ನಾಳೆ ಬೆಳಿಗ್ಗೆ ಸರಿಯಾಗಿ ಮಾಡಿಟ್ಟಿರಬೇಕು, ಅಷ್ಟೇ."

ಸಂಜೆ, ಶೆಡ್ಡಿನ ಹಿಂದಿನ ಮನೆಯಿಂದ ಹೆಂಡತಿಯನ್ನು ಕರೆದು, ಬಂಪರಿಗೆ ಐರನ್ ತಾಗಿಸಿ, "ಸ್ವಲ್ಪ ಮೂಸಿ ಹೇಳೇ," ಎಂದ.

"ಸುಟ್ಟ ರಬ್ಬರ್ ಥರ," ಎಂದಳು. ಯಾಕೆ ಎಂದು ಕೇಳಲೇ ಇಲ್ಲ.

"ನಿನಗೆ ಗೊತ್ತಿತ್ತಾ?"

"ಮೂರು ದಿನ ಬೇಕಂತಲೇ ಸೀದ ಅನ್ನ ಬಡಿಸ್ದೆ. ಚೆನ್ನಾಗಿದೆ ಅಂದ್ರಿ," ಎಂದಳು ಅವಳು, ಕರಿ ಕಡ್ಡಿಯ ಕಟ್ಟನ್ನು ಅವನ ಮುಂದೆ ಸರಿಸುತ್ತ. "ಮದುವೆ ಆದಾಗಿನಿಂದ ಒಂದು ದಿನ ಆದ್ರೂ ಚೆನ್ನಾಗಿದೆ ಅಂದಿದ್ರಾ ನೀವು?"