ದೊಡ್ಡಪ್ಪ ತರಲಾಗದ ಕೋವಿ

೧೯೯೮ರ ಮಾರ್ಚ್‌ನಲ್ಲಿ ದೊಡ್ಡಪ್ಪ ಕೊಡಗು ಬಿಟ್ಟು ಲಂಡನ್ನಿನ ಕೆಂಟನ್‌ನಲ್ಲಿದ್ದ ನಮ್ಮ ಮನೆಗೆ ಬಂದು ನೆಲೆಸುವವರಿದ್ದರು. ಅಮ್ಮ ಆಗ ತುಂಬು ಬಸುರಿ. ಗಂಡು ಹುಟ್ಟಿದರೆ ಅಂಗಳದಲ್ಲಿ ಗುಂಡು ಹಾರಿಸುವುದು ಕೊಡವರ ಪದ್ಧತಿ.

"ಕೋವಿ ತರುತ್ತೇನೆ. ಕೊಡವರಿಗೆ ಲೈಸೆನ್ಸ್ ಬೇಡವಲ್ಲ" ಎಂದರು ದೊಡ್ಡಪ್ಪ ಫೋನಿನಲ್ಲಿ.

ಅಪ್ಪ ಪೊಲೀಸ್ ಸ್ಟೇಷನ್ನಿಗೆ ಹೋಗಿ ವಿಚಾರಿಸಿ ಬಂದರು. "ಅಣ್ಣ, ಆ ವಿನಾಯಿತಿ ಅಲ್ಲಿಗೆ ಮಾತ್ರ. ಇಲ್ಲಿ ಪೊಲೀಸರ ಅನುಮತಿ ಬೇಕು. ಸಿಕ್ಕರೂ ಮನೆ ಮುಂದೆ ಹಾರಿಸುವ ಹಾಗಿಲ್ಲ."

"ಮಗುವನ್ನು ಕಳ್ಳನ ಹಾಗೆ ಸದ್ದಿಲ್ಲದೆ ಒಳಗೆ ತರುತ್ತೀಯೇನೋ?"

ದೊಡ್ಡಪ್ಪ ಪ್ರಯಾಣವನ್ನೇ ಮುಂದೂಡಿದರು. ತಂಗಿ ಹುಟ್ಟಿ ಮನೆಗೆ ಬಂದ ದಿನ ಅವರ ಫೋನ್ ಬಂತು.

"ಹೆಣ್ಣು, ಅಣ್ಣ" ಎಂದರು ಅಪ್ಪ.

"ಗೊತ್ತು ಕಣೋ. ರಿಸೀವರ್ ಅವಳ ಹತ್ತಿರ ಹಿಡಿ."

ಕೊಡಗಿನ ಅಂಗಳದಲ್ಲಿ ಗುಂಡು ಹಾರಿತು. ತಂಗಿ ಬೆಚ್ಚಿ ಅತ್ತಳು.

"ಕೇಳಿಸಿತು ಅವಳಿಗೆ!" ಎಂದರು ದೊಡ್ಡಪ್ಪ. "ಇನ್ನು ಟಿಕೆಟ್ ಮಾಡಿಸು."