ಕವಲು ಹಳಿಯೂ ಮಾವನ ಹೆಬ್ಬೆರಳೂ

ನನ್ನ ಸೋದರಮಾವ ಗಡಿಯಾರ ರಿಪೇರಿಯವರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ. ಕಣ್ಣು ಮೋಸ ಮಾಡುತ್ತದೆ, ಬೆರಳು ಮಾಡುವುದಿಲ್ಲ ಎನ್ನುವುದು ಅವರ ವೇದವಾಕ್ಯ. ಹಲ್ಲುಚಕ್ರ ಎಲ್ಲಿ ಸವೆದಿದೆ ಎಂದು ಬಲಗೈ ಹೆಬ್ಬೆರಳಿನಲ್ಲೇ ಪತ್ತೆಹಚ್ಚಿ ಸಂಸಾರ ಸಾಗಿಸಿದವರು. ಹಾಗಾಗಿ ಆ ಮಾತನ್ನು ಗೇಲಿ ಮಾಡುವ ಧೈರ್ಯ ನನಗೊಬ್ಬಳಿಗೇ ಇತ್ತು.

ಅಂಗಡಿಯ ಹಿಂದಿನ ಕೋಣೆಯಲ್ಲಿ ದೊಡ್ಡ ಹಲಗೆಯೊಂದರ ಮೇಲೆ ಅವರ ಪುಟ್ಟ ರೈಲು ಓಡುತ್ತದೆ. ಅದನ್ನು ಆಟಿಕೆ ಎಂದರೆ ಮಾವನಿಗೆ ಮೂಗಿನ ತುದಿಯಲ್ಲೇ ಕೋಪ. ಆ ಭಾನುವಾರ ನಾನು ಹೋದಾಗ ಎಂಜಿನ್ನು ತಲೆಕೆಳಗಾಗಿ ಮಲಗಿತ್ತು. ಹಳಿ ಎರಡಾಗಿ ಕವಲೊಡೆಯುವ ಜಾಗದಲ್ಲಿ ಪ್ರತಿಸಲವೂ ಮುಂದಿನ ಗಾಲಿ ಹಳಿ ಹತ್ತಿ ಆಚೆ ಬೀಳುತ್ತಿತ್ತಂತೆ. ಮಾವ ಗಾಲಿಗಳ ನಡುವಿನ ಅಂತರ ಅಳೆದಿದ್ದರು, ಡಬ್ಬಿಗಳಿಗೆ ತೂಕ ಸೇರಿಸಿದ್ದರು, ಕವಲು ತಿರುಗಿಸುವ ಸ್ಪ್ರಿಂಗನ್ನು ಬಿಗಿ ಮಾಡಿದ್ದರು. ಹಳಿಯನ್ನು ಮಾತ್ರ ಹೆಬ್ಬೆರಳಿನಿಂದ ಸವರಿ, ಬೆಣ್ಣೆಯ ಹಾಗಿದೆ ಎಂದು ಬಿಟ್ಟಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮಾವ ನೆಲ ನೆಟ್ಟಗಿದೆ, ಕುಣಿಯುವವಳೇ ಸರಿಯಿಲ್ಲ ಎಂದು ಎಂಜಿನ್ನನ್ನು ಬೈಯುತ್ತಿದ್ದರು. ನಾನು ಇದನ್ನು ಹೇಳಿ ನಕ್ಕೆ. ಅವರೂ ನಕ್ಕರು.

ಅಷ್ಟರಲ್ಲಿ ಅತ್ತೆ ಧೂಳು ಒರೆಸಲು ಬಂದರು. ಕವಲಿನಲ್ಲಿ ಆಚೀಚೆ ಸರಿಯುವ ಹಳಿಯ ಚೂಪು ತುದಿಗೆ ಬಟ್ಟೆಯ ಎಳೆ ಸಿಕ್ಕಿಕೊಂಡಿತು.

"ಇಲ್ಲೇನೋ ಮುಳ್ಳಿನ ಹಾಗೆ ಎದ್ದಿದೆ ನೋಡಿ" ಎಂದರು.

ಮಾವ ಹೆಬ್ಬೆರಳು ಆಡಿಸಿದರು, ಇಲ್ಲವೆಂದರು. ಕಣ್ಣು ಮುಚ್ಚಿ, ಒತ್ತಿ, ಮತ್ತೆ ಆಡಿಸಿದರು. ನಾನೂ ಮುಟ್ಟಿದೆ. ಚುಚ್ಚಿತು.

"ನಿಂಗೂ ತಗಲ್ತಾ?" ಮಾವ ಕೇಳಿದರು.

ಹೂಂ ಎಂದೆ. ಮಾವ ಎಡಗೈ ಬೆರಳಿಟ್ಟರು. ಇಟ್ಟ ಕೂಡಲೇ ಹಿಂದಕ್ಕೆಳೆದುಕೊಂಡರು. ಅವರ ಮುಖ ಬಿಳಿಚಿಕೊಂಡಿತು. ಕೆಲವು ದಿನಗಳಿಂದ ಅವರ ಕೈಯಿಂದ ತಿರುಪುಗಳು ಜಾರಿ ಬೀಳುತ್ತಿದ್ದವು, ಈಗಿನ ತಿರುಪುಗಳೇ ಸರಿಯಿಲ್ಲ ಎಂದು ಅವರು ಗೊಣಗುತ್ತಿದ್ದರು. ಆಗಲೂ ನಾನು ನಕ್ಕಿದ್ದೆ. ಹೊರಗೆ ಅಂಗಡಿಯ ಮೇಜಿನ ಮೇಲೆ ಯಾರ್‍ಯಾರದೋ ಗಡಿಯಾರಗಳು ಬಿಚ್ಚಿದ ಹಾಗೇ ಇದ್ದವು. ಆ ಬಲಗೈ ಹೆಬ್ಬೆರಳಿನ ಸ್ಪರ್ಶವೇ ಹೋದರೆ ಅವನ್ನು ಮತ್ತೆ ಜೋಡಿಸುವವರು ಯಾರು, ಮಾವನಿಗೆ ಬೇರೆ ಏನು ಬರುತ್ತದೆ ಎಂದು ನೆನೆದೆ.

ಮಾವ ಸಣ್ಣ ಅರ ತೆಗೆದುಕೊಂಡು ತುದಿಯನ್ನು ಉಜ್ಜಿದರು. ಪ್ರತಿಸಲ ಉಜ್ಜಿದಾಗಲೂ ಎಡಗೈಯಲ್ಲಿ ಮುಟ್ಟಿ ನೋಡಿದರು. ರೈಲು ಬಿಟ್ಟರೆ ಕವಲು ದಾಟಿ ಸಲೀಸಾಗಿ ಹೋಯಿತು. ಸುತ್ತಿ ಬಂದು ಮತ್ತೆ ದಾಟಿತು. ಬಿದ್ದಿದ್ದರೇ ಚೆನ್ನಾಗಿತ್ತು, ಎಂಜಿನ್ನಿನದೇ ತಪ್ಪು ಅನ್ನಬಹುದಿತ್ತು. ಅದು ಬೀಳಲಿಲ್ಲ.

ಅತ್ತೆ ಹಲಗೆಯ ಅಂಚನ್ನು ಒರೆಸಿ ಬಟ್ಟೆಯನ್ನು ನೋಡಿದರು. ಅದರಲ್ಲಿ ಕೆಂಪು.

"ರೀ, ಕೈ ತೋರ್ಸಿ."

ಬಲಗೈ ಹೆಬ್ಬೆರಳು ಸೀಳಿ ರಕ್ತ ತೊಟ್ಟಿಕ್ಕುತ್ತಿತ್ತು. ಮಾವ ಅದನ್ನು ಬೇರೆಯವರ ಬೆರಳೆಂಬಂತೆ ನೋಡಿದರು.

"ಇದು ಯಾವಾಗ ಕುಯ್ತು?" ಎಂದು ನಮ್ಮನ್ನು ಕೇಳಿದರು.